ಲೆಕ್ಕದ ಪುಸ್ತಕದಲ್ಲಿ ಕಾಣದ ಬೇರು

ಕೊಯಮತ್ತೂರು ಕೃಷ್ಣರಾವ್ ಪ್ರಹ್ಲಾದ್ ಹುಟ್ಟಿದ್ದು 1941ರ ಆಗಸ್ಟ್ 8ರಂದು, ಕೊಯಮತ್ತೂರಿನಲ್ಲಿ. ಮನೆಮಾತು ಕನ್ನಡ. ಹನ್ನೊಂದು ಮಕ್ಕಳಲ್ಲಿ ಇವರು ಒಂಬತ್ತನೆಯವರು. ತಂದೆ ನ್ಯಾಯಾಧೀಶರು, ಸಂಸ್ಕೃತ ವಿದ್ವಾಂಸರೆಂದೂ ಹೆಸರಾದವರು. ಈ ಮನೆಯ ಹುಡುಗ ಮುಂದೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ವ್ಯವಹಾರ ತಂತ್ರವನ್ನು ಕಲಿಸಿದರು. ದೊಡ್ಡ ದೊಡ್ಡ ಕಂಪನಿಗಳ ಮುಖ್ಯಸ್ಥರಿಗೆ ಸಲಹೆಗಾರರಾದರು. ಮ್ಯಾನೇಜ್‌ಮೆಂಟ್ ಲೋಕ ಅವರನ್ನು ಸಿ. ಕೆ. ಎಂಬ ಎರಡೇ ಅಕ್ಷರಗಳಿಂದ ಗುರುತಿಸಿತು.

ವ್ಯವಹಾರ ತಂತ್ರ ಎಂದರೆ ಬಹಳ ದೊಡ್ಡ ವಿದ್ಯೆ ಎಂದು ಕೇಳುಗರು ಅಂಜಬೇಕಾಗಿಲ್ಲ. ಸಂತೆಪೇಟೆಯ ದಿನಸಿ ಅಂಗಡಿಯವನೂ ಅದನ್ನು ಮಾಡುತ್ತಾನೆ. ಯಾವ ಸರಕು ಇಡಬೇಕು, ಯಾವುದನ್ನು ಕೈಬಿಡಬೇಕು, ಯಾರಿಗೆ ಉದ್ದರಿ ಕೊಡಬೇಕು, ಎದುರಿಗೆ ಹೊಸ ಅಂಗಡಿ ತೆರೆದರೆ ಏನು ಮಾಡಬೇಕು. ದಿನವೂ ಅವನ ತಲೆಯಲ್ಲಿ ಓಡುವ ಯೋಚನೆಗಳಿವು. ಲಕ್ಷ ಜನ ಕೆಲಸ ಮಾಡುವ ಕಂಪನಿಯಲ್ಲೂ ಪ್ರಶ್ನೆಗಳು ಇವೇ. ಆದರೆ ಅಲ್ಲಿ ಅಂಗಡಿಯವನಿಗೂ ಗಿರಾಕಿಗೂ ನಡುವೆ ಹತ್ತು ಮಹಡಿಗಳಿರುತ್ತವೆ. ಮೇಲಿನ ಮಹಡಿಯಲ್ಲಿ ಕುಳಿತವರಿಗೆ ಕಾಣುವುದು ಲೆಕ್ಕದ ಪುಸ್ತಕ ಮಾತ್ರ. ಆ ಪುಸ್ತಕದಲ್ಲಿ ಬಾರದ ಸಂಗತಿಗಳು ಯಾವುವು, ಅವು ಏಕೆ ಕಣ್ಣಿಗೆ ಬೀಳುವುದಿಲ್ಲ ಎಂಬ ಒಂದೇ ಪ್ರಶ್ನೆಯ ಸುತ್ತ ಪ್ರಹ್ಲಾದರ ಇಡೀ ವೃತ್ತಿಜೀವನ ತಿರುಗಿತು.

ಮದರಾಸಿನ ಲೊಯೋಲಾ ಕಾಲೇಜಿನಲ್ಲಿ ಅವರು ಭೌತವಿಜ್ಞಾನ ಓದಿದರು. ಹತ್ತೊಂಬತ್ತನೆಯ ವಯಸ್ಸಿಗೇ ಯೂನಿಯನ್ ಕಾರ್ಬೈಡ್ ಕಂಪನಿಯ ಬ್ಯಾಟರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಎವರೆಡಿ ಸೆಲ್ಲು ತಯಾರಿಸುತ್ತಿದ್ದ ಕಂಪನಿ ಅದು. ಹಳ್ಳಿಯ ಜಗಲಿಯ ಮೇಲೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಆಕಾಶವಾಣಿ ಕೇಳಿದ ಹಿರಿಯರು ಆ ಸೆಲ್ಲನ್ನು ಮರೆತಿರಲಾರರು. ಬಿಸಿಲಿಗಿಟ್ಟು ಮತ್ತೆ ಹಾಕಿ ಇನ್ನೆರಡು ದಿನ ಹಾಡಿಸಿದವರೂ ಉಂಟು. ಪ್ರಹ್ಲಾದ್ ಅಲ್ಲಿ ನಾಲ್ಕು ವರ್ಷ ದುಡಿದರು. ತಮ್ಮ ಬದುಕು ತಿರುಗಿದ್ದು ಅಲ್ಲೇ ಎಂದು ಅವರು ಮುಂದೆ ಹೇಳಿಕೊಂಡರು. ಮ್ಯಾನೇಜ್‌ಮೆಂಟ್ ಗುರುಗಳಲ್ಲಿ ಬಹುಮಂದಿ ಗ್ರಂಥಾಲಯದಿಂದ ಕಾರ್ಖಾನೆಗೆ ಬಂದವರು. ಇವರು ಕಾರ್ಖಾನೆಯಿಂದ ಗ್ರಂಥಾಲಯಕ್ಕೆ ಹೋದವರು.

ಅಹಮದಾಬಾದಿನ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆ ಶುರುವಾದದ್ದು 1961ರಲ್ಲಿ. ಅದರ ಎರಡು ವರ್ಷದ ಸ್ನಾತಕೋತ್ತರ ಶಿಕ್ಷಣದ ಮೊದಲ ತಂಡ 1966ರಲ್ಲಿ ಹೊರಬಂತು. ಪ್ರಹ್ಲಾದ್ ಆ ತಂಡದವರು. ಆಮೇಲೆ ಹಾರ್ವರ್ಡ್. ಬಹುರಾಷ್ಟ್ರೀಯ ಕಂಪನಿಗಳನ್ನು ನಡೆಸುವ ಬಗೆ ಕುರಿತು ಎರಡೂವರೆ ವರ್ಷದಲ್ಲೇ ಪ್ರಬಂಧ ಮುಗಿಸಿ, 1975ರಲ್ಲಿ ಡಾಕ್ಟರೇಟ್ ಪಡೆದರು. ಪದವಿ ಕೈಗೆ ಬಂದಮೇಲೆ ಅಹಮದಾಬಾದಿಗೇ ಮರಳಿ ಪಾಠ ಮಾಡಿದರು. ಆದರೆ ಅಲ್ಲಿ ಬಹಳ ದಿನ ನಿಲ್ಲಲಿಲ್ಲ. 1977ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ಕರೆಯಿತು. ಆನ್ ಆರ್ಬರ್ ಎಂಬ ಊರಿನಲ್ಲಿರುವ ಆ ವಿಶ್ವವಿದ್ಯಾಲಯವೇ ಕೊನೆಯವರೆಗೂ ಅವರ ಕಾರ್ಯಕ್ಷೇತ್ರವಾಯಿತು. 2005ರಲ್ಲಿ ಅಲ್ಲಿನ ಅಧ್ಯಾಪಕರಿಗೆ ಸಿಗುವ ಅತ್ಯುನ್ನತ ಗೌರವದ ಹುದ್ದೆಯೂ ದೊರೆಯಿತು.

ಹೀಗೆ ಮದರಾಸು, ಅಹಮದಾಬಾದು, ಹಾರ್ವರ್ಡ್, ಮಿಷಿಗನ್. ಇನ್ನು ಅವರ ವಿಚಾರಕ್ಕೆ ಬರೋಣ.

ಮೊದಲ ದೊಡ್ಡ ವಿಚಾರ 1986ರದ್ದು. ರಿಚರ್ಡ್ ಬೆಟ್ಟಿಸ್ ಎಂಬ ಸಹೋದ್ಯೋಗಿಯ ಜೊತೆ ಬರೆದ ಪ್ರಬಂಧ. ಇಂಗ್ಲಿಷಿನಲ್ಲಿ ಅದಕ್ಕೆ ಡಾಮಿನೆಂಟ್ ಲಾಜಿಕ್ ಎಂದು ಹೆಸರು. ಆಳುವ ತರ್ಕ ಎನ್ನಬಹುದು. ಒಂದು ಕಂಪನಿ ಒಂದು ವ್ಯಾಪಾರದಲ್ಲಿ ಗೆಲ್ಲುತ್ತದೆ. ಗೆದ್ದ ರೀತಿಯೇ ಕ್ರಮೇಣ ಅದರ ಯೋಚನೆಯ ರೀತಿಯಾಗುತ್ತದೆ. ಯಾವ ಅಂಕಿ ನೋಡಬೇಕು, ಯಾರನ್ನು ಬಡ್ತಿಗೆ ಆರಿಸಬೇಕು, ಯಾವ ಸುದ್ದಿಗೆ ಗಾಬರಿಯಾಗಬೇಕು ಎಂಬುದೆಲ್ಲ ಅದೇ ಅಚ್ಚಿನಲ್ಲಿ ಎರಕವಾಗುತ್ತದೆ. ಹೊರಗೆ ಲೋಕ ಬದಲಾದಾಗ ಆ ಅಚ್ಚಿಗೆ ಹೊಂದದ ಸುದ್ದಿ ಒಳಗೆ ಬರುವುದೇ ಇಲ್ಲ. ಜಟಕಾ ಕುದುರೆಯ ಕಣ್ಣಿನ ಎರಡೂ ಬದಿಗೆ ಪಟ್ಟಿ ಕಟ್ಟುತ್ತಾರೆ. ಕುದುರೆ ನೇರವಾಗಿ ಓಡುವುದು ಆ ಪಟ್ಟಿಯಿಂದಲೇ. ಪಕ್ಕದಿಂದ ಬರುವ ಲಾರಿ ಕಾಣದಿರುವುದೂ ಆ ಪಟ್ಟಿಯಿಂದಲೇ. ದೊಡ್ಡ ಕಂಪ್ಯೂಟರುಗಳ ಸಾಮ್ರಾಟನಾಗಿದ್ದ ಐಬಿಎಂ, ಮೇಜಿನ ಮೇಲಿಡುವ ಸಣ್ಣ ಕಂಪ್ಯೂಟರಿನ ಕಾಲದಲ್ಲಿ ತಡವರಿಸಿತು. ಈ ಇಬ್ಬರೂ ಮುಂದೆ ಅದನ್ನೇ ಉದಾಹರಣೆಯಾಗಿ ಎತ್ತಿಕೊಂಡರು. ಐಬಿಎಂನಲ್ಲಿ ಬುದ್ಧಿವಂತರಿಗೆ ಬರವಿತ್ತೆ? ಇರಲಿಲ್ಲ. ಕಣ್ಣಪಟ್ಟಿ ಬಿಗಿಯಾಗಿತ್ತು.

ಗೆದ್ದವರ ಕಣ್ಣಿಗೆ ಗೆಲುವೇ ಪರದೆಯಾಗುತ್ತದೆ ಎಂಬುದು ಮೊದಲ ಮಾತಾಯಿತು. ಇದಕ್ಕೆ ಹೊಂದಿಕೊಂಡೇ ಎರಡನೆಯದು ಬಂತು. ಪರದೆ ಸರಿಸಿದರೆ ಕಾಣುವುದೇನು?

ಈ ಹೊತ್ತಿಗೆ ಗ್ಯಾರಿ ಹ್ಯಾಮೆಲ್ ಎಂಬ ತರುಣ ಮಿಷಿಗನ್ನಿಗೆ ಸಂಶೋಧನಾ ವಿದ್ಯಾರ್ಥಿಯಾಗಿ ಬಂದಿದ್ದರು. ಗುರುಶಿಷ್ಯರು ಜೊತೆಯಾಗಿ ಬರೆಯತೊಡಗಿದರು. 1980ರ ದಶಕ ಅಮೆರಿಕದ ಕಾರ್ಖಾನೆಗಳಿಗೆ ಕೆಟ್ಟ ಕಾಲ. ಜಪಾನಿನ ಕಾರು, ಕ್ಯಾಮೆರಾ, ಟಿವಿ ಅಮೆರಿಕದ ಪೇಟೆಯನ್ನು ತುಂಬಿದ್ದವು. ಜಪಾನೀಯರಿಗೆ ಕೂಲಿ ಅಗ್ಗ, ಅಲ್ಲಿನ ಸರ್ಕಾರದ ಕೃಪೆಯೂ ಉಂಟು ಎಂದು ಅಮೆರಿಕದವರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಪ್ರಹ್ಲಾದ್ ಮತ್ತು ಹ್ಯಾಮೆಲ್ ಅದನ್ನು ಒಪ್ಪಲಿಲ್ಲ.

1989ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆಯಲ್ಲಿ ಅವರ ಲೇಖನವೊಂದು ಬಂತು. ಅದರ ತಿರುಳು ಸಂಕಲ್ಪ. ಜಪಾನಿನ ಕೊಮಾತ್ಸು ಕಂಪನಿ 1970ರಲ್ಲಿ ಸಣ್ಣ ಬುಲ್ಡೋಜರ್ ಮಾಡುತ್ತಿತ್ತು. ಅಮೆರಿಕದ ಕ್ಯಾಟರ್‌ಪಿಲ್ಲರ್ ಎದುರಿಗೆ ಅದರ ಗಾತ್ರ ಮೂರನೇ ಒಂದು ಪಾಲು. ಜಪಾನಿನಿಂದ ಹೊರಗೆ ಅದರ ಹೆಸರು ಕೇಳಿದವರೇ ಕಡಿಮೆ. ಆದರೂ ಕ್ಯಾಟರ್‌ಪಿಲ್ಲರನ್ನು ಸುತ್ತುವರಿಯುತ್ತೇವೆ ಎಂದು ಅದು ಗುರಿ ಇಟ್ಟುಕೊಂಡಿತು. ಹದಿನೈದು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ವಹಿವಾಟಿನ ಕಂಪನಿಯಾಗಿ ಬೆಳೆಯಿತು. ಇದ್ದ ಶಕ್ತಿಗೆ ತಕ್ಕ ಗುರಿ ಇಟ್ಟುಕೊಳ್ಳಬೇಕೆಂದು ಅಂದಿನ ಪಠ್ಯಪುಸ್ತಕ ಹೇಳುತ್ತಿತ್ತು. ಗುರಿ ಶಕ್ತಿಗಿಂತ ದೊಡ್ಡದಿರಬೇಕು, ಆ ಅಂತರವೇ ಜನರನ್ನು ಎಳೆಯುತ್ತದೆ ಎಂದು ಈ ಇಬ್ಬರೂ ವಾದಿಸಿದರು.

ಅದೇ ಲೇಖನದಲ್ಲಿ ಇನ್ನೊಂದು ಕಥೆಯಿದೆ. ಅದನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬೇಕಾಗುತ್ತದೆ. ಜೆರಾಕ್ಸ್ ಯಂತ್ರಕ್ಕೆ ಆಗ ಸಾವಿರಾರು ಡಾಲರ್ ಬೆಲೆ. ಕ್ಯಾನನ್ ಕಂಪನಿ ತನ್ನ ಎಂಜಿನಿಯರುಗಳನ್ನು ಕರೆದು, ಒಂದು ಸಾವಿರ ಡಾಲರಿಗೆ ಮನೆಯಲ್ಲಿಟ್ಟುಕೊಳ್ಳುವಂಥ ಯಂತ್ರ ಬೇಕು ಎಂದಿತು. ಇದ್ದ ಯಂತ್ರದಲ್ಲಿ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸಿದರೆ ಆ ಬೆಲೆ ಸಾಧ್ಯವೇ ಇರಲಿಲ್ಲ. ಆದ್ದರಿಂದ ಯಂತ್ರವನ್ನೇ ಹೊಸದಾಗಿ ಯೋಚಿಸಬೇಕಾಯಿತು. ಒಳಗಿನ ಜಟಿಲ ಭಾಗವನ್ನೇ ತೆಗೆದು, ಮುಗಿದ ಮೇಲೆ ಎಸೆದು ಬೇರೆ ಹಾಕುವ ಡಬ್ಬಿಯೊಂದನ್ನು ಇಟ್ಟರು. ಇಂದು ಪ್ರತಿ ಊರಿನ ಜೆರಾಕ್ಸ್ ಅಂಗಡಿಯವನೂ ಕಾರ್ಟ್ರಿಡ್ಜ್ ಎಂದು ಕರೆಯುವ ವಸ್ತು ಅದು. ಬೆಲೆ ಮೊದಲು ನಿಂತಿತು, ಯಂತ್ರ ಆಮೇಲೆ ಬಂತು.

ಮರುವರ್ಷ, 1990ರ ಮೇ-ಜೂನ್ ಸಂಚಿಕೆಯಲ್ಲಿ ಅವರಿಬ್ಬರ ಅತಿ ಪ್ರಸಿದ್ಧ ಲೇಖನ ಬಂತು. ಕೋರ್ ಕಾಂಪಿಟೆನ್ಸ್, ಅಂದರೆ ಮೂಲ ಸಾಮರ್ಥ್ಯ. ಅಲ್ಲಿ ಅವರು ಕಂಪನಿಯನ್ನು ಒಂದು ಮರವೆಂದು ಬಗೆದರು. ಪೇಟೆಯಲ್ಲಿ ಮಾರುವ ಸಾಮಾನು ಎಲೆ, ಹೂ, ಹಣ್ಣು. ಬೇರೆ ಬೇರೆ ವ್ಯಾಪಾರ ವಿಭಾಗಗಳು ರೆಂಬೆಗಳು. ಆ ಸಾಮಾನುಗಳೆಲ್ಲಕ್ಕೂ ಆಧಾರವಾದ ಎಂಜಿನ್, ಲೆನ್ಸ್‌ನಂಥ ಭಾಗಗಳು ಕಾಂಡ. ಎಲ್ಲಕ್ಕೂ ರಸ ಉಣಿಸುವುದು ಬೇರು. ಎಲೆ ಎಣಿಸಿ ಮರದ ಬಲ ಅಳೆಯುವವನು ಮೋಸಹೋಗುತ್ತಾನೆ. ಹೋಂಡಾ ಕಂಪನಿಯನ್ನು ನೋಡಿ. ಅದು ಬೈಕು ಮಾಡುತ್ತದೆ, ಕಾರು ಮಾಡುತ್ತದೆ, ಹುಲ್ಲು ಕತ್ತರಿಸುವ ಯಂತ್ರ ಮಾಡುತ್ತದೆ, ಮದುವೆ ಮನೆಯಲ್ಲಿ ಕರೆಂಟು ಹೋದಾಗ ಓಡಿಸುವ ಜನರೇಟರ್ ಮಾಡುತ್ತದೆ. ಲೆಕ್ಕದ ಪುಸ್ತಕದಲ್ಲಿ ಇವು ನಾಲ್ಕು ವ್ಯಾಪಾರ. ನೆಲದಡಿಯಲ್ಲಿ ಬೇರು ಒಂದೇ, ಒಳ್ಳೆಯ ಎಂಜಿನ್ ಮಾಡುವ ವಿದ್ಯೆ.

ಈ ವಾದಕ್ಕೆ ಅವರು ಎರಡು ಕಂಪನಿಗಳನ್ನು ಪಕ್ಕಪಕ್ಕ ನಿಲ್ಲಿಸಿದರು. ಅಮೆರಿಕದ ಜಿಟಿಇ, ಜಪಾನಿನ ಎನ್ಇಸಿ. 1980ರಲ್ಲಿ ಜಿಟಿಇಯ ಮಾರಾಟ ಸುಮಾರು ಸಾವಿರ ಕೋಟಿ ಡಾಲರ್. ಎನ್ಇಸಿಯದು ನಾನೂರು ಕೋಟಿಯೂ ಇಲ್ಲ. ಎಂಟು ವರ್ಷ ಕಳೆಯಿತು. ಜಿಟಿಇ 1650 ಕೋಟಿಗೆ ಬಂತು. ಎನ್ಇಸಿ 2200 ಕೋಟಿಯ ಹತ್ತಿರ ಹೋಯಿತು. ಕಂಪ್ಯೂಟರೂ ದೂರಸಂಪರ್ಕವೂ ಒಂದಾಗುವ ಕಾಲ ಬರುತ್ತದೆಂದು ಎನ್ಇಸಿ 1970ರ ದಶಕದಲ್ಲೇ ಊಹಿಸಿ, ಅದಕ್ಕೆ ಬೇಕಾದ ವಿದ್ಯೆಯನ್ನು ಕೂಡಿಹಾಕಿತು. ತನ್ನಲ್ಲಿ ಇಲ್ಲದ್ದನ್ನು ಕಲಿಯಲು ನೂರಕ್ಕೂ ಹೆಚ್ಚು ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಜಿಟಿಇ ಮಾತ್ರ ತನ್ನ ವಿಭಾಗಗಳನ್ನು ಬೇರೆ ಬೇರೆ ಅಂಗಡಿಗಳಂತೆ ನಡೆಸಿತು.

ಇಲ್ಲೊಂದು ಮಾತು ಹೇಳಲೇಬೇಕು. ಈ ಲೇಖನ ಅಚ್ಚಾಗುವ ಹೊತ್ತಿಗೆ ಟೋಕಿಯೋ ಷೇರುಪೇಟೆ ಕುಸಿಯತೊಡಗಿತ್ತು. ಜಪಾನಿನ ವೈಭವದ ಕಾಲ ಅಲ್ಲಿಗೆ ಮುಗಿಯಿತು. ಎನ್ಇಸಿ ಕೂಡ ಮುಂದೆ ತನ್ನ ಹಲವು ವ್ಯಾಪಾರಗಳನ್ನು ಬಿಟ್ಟುಕೊಟ್ಟಿತು. ಬಿಟ್ಟವುಗಳಲ್ಲಿ ಅಂದು ಬೇರು ಎಂದು ಹೊಗಳಿಸಿಕೊಂಡ ಚಿಪ್ ತಯಾರಿಕೆಯೂ ಸೇರಿತ್ತು. ವಿಚಾರ ಉಳಿಯಿತು, ಉದಾಹರಣೆ ಬಾಡಿತು. ಲೇಖನವನ್ನು ಅರ್ಧ ಓದಿದವರಿಂದ ಇನ್ನೊಂದು ಎಡವಟ್ಟಾಯಿತು. ನಮ್ಮ ಮೂಲ ಸಾಮರ್ಥ್ಯ ಇದೊಂದೇ, ಉಳಿದದ್ದನ್ನೆಲ್ಲ ಹೊರಗಿನವರಿಗೆ ಗುತ್ತಿಗೆ ಕೊಡೋಣ ಎಂದು ಕಂಪನಿಗಳು ಹೊರಟವು. ಲೇಖನ ಎಚ್ಚರಿಸಿದ್ದು ಇದರ ವಿರುದ್ಧವೇ. ಮುಖ್ಯ ಭಾಗಗಳನ್ನು ಹೊರಗಿನಿಂದ ತರಿಸುವ ಕಂಪನಿ ಒಳಗೇ ಟೊಳ್ಳಾಗುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

ಇಷ್ಟು ಬರಹದ ಮಾತು. ಕಣ್ಣಪಟ್ಟಿ, ಸಂಕಲ್ಪ, ಬೇರು. ಸಲಹೆಗಾರರಾಗಿ ಅವರು ಇದನ್ನು ಹೇಗೆ ಬಳಸಿದರು ಎಂಬುದಕ್ಕೆ ಫಿಲಿಪ್ಸ್ ಕಂಪನಿಯ ಪ್ರಸಂಗ ನೋಡಬೇಕು.

ಫಿಲಿಪ್ಸ್ ಎಂದರೆ ನಮ್ಮ ಮನೆಗಳಲ್ಲಿ ಬಲ್ಬು ಮತ್ತು ರೇಡಿಯೋ. ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ಊರಿನ ಈ ಕಂಪನಿ 1990ರಲ್ಲಿ ಮುಳುಗುವ ಸ್ಥಿತಿಗೆ ಬಂದಿತ್ತು. ಆ ವರ್ಷದ ನಷ್ಟ ನಾನೂರು ಕೋಟಿ ಗಿಲ್ಡರಿಗೂ ಹೆಚ್ಚು. ಗಿಲ್ಡರ್ ಅಲ್ಲಿನ ಅಂದಿನ ನಾಣ್ಯ. ವರ್ಷದ ನಡುವೆ ಯಾನ್ ಟಿಮ್ಮರ್ ಹೊಸ ಮುಖ್ಯಸ್ಥರಾಗಿ ಬಂದರು. ಅವರು ಪ್ರಹ್ಲಾದರ ನೆರವು ಪಡೆದರು. ಆಪರೇಷನ್ ಸೆಂಚುರಿಯನ್ ಎಂಬ ಕಾರ್ಯಕ್ರಮ ಹುಟ್ಟಿತು. ಸೆಂಚುರಿಯನ್ ಎಂದರೆ ಪ್ರಾಚೀನ ರೋಮಿನಲ್ಲಿ ನೂರು ಸೈನಿಕರ ನಾಯಕ. ಕಂಪನಿಯ ನೂರರಷ್ಟು ಹಿರಿಯ ಅಧಿಕಾರಿಗಳನ್ನು ಒಂದೆಡೆ ಸೇರಿಸಿದರು. ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಕೊಟ್ಟರು. ಅದು ಪತ್ರಿಕಾ ಪ್ರಕಟಣೆಯ ಮಾದರಿಯಲ್ಲಿತ್ತು. ಫಿಲಿಪ್ಸ್ ದಿವಾಳಿಯಾಗಿದೆ ಎಂದು ಅದರಲ್ಲಿ ಬರೆದಿತ್ತು. ಸುದ್ದಿ ಕಲ್ಪಿತ. ಆದರೆ ಓದಿದವರ ಎದೆ ಧಸಕ್ಕೆಂದದ್ದು ಕಲ್ಪಿತವಲ್ಲ. ಪುಟಗಟ್ಟಲೆ ಅಂಕಿಗಳಿಗೆ ಅಲುಗದ ಕಣ್ಣಪಟ್ಟಿ ಒಂದು ಹಾಳೆಗೆ ಕಳಚಿತು.

ಇದರ ಬೆಲೆಯನ್ನು ತೆತ್ತವರು ಮಾತ್ರ ಆ ಕೋಣೆಯಲ್ಲಿ ಇರಲಿಲ್ಲ. ಹತ್ತಾರು ಸಾವಿರ ಕೆಲಸಗಾರರು ಉದ್ಯೋಗ ಕಳೆದುಕೊಂಡರು. ಕಂಪನಿ ಚೇತರಿಸಿಕೊಂಡಿತು. 1996ರಲ್ಲಿ ಮತ್ತೆ ನಷ್ಟ ಕಂಡಿತು. ಸಲಹೆಗಾರನ ಕೈಗುಣ ಎಷ್ಟು, ಕಾಲದ ಗುಣ ಎಷ್ಟು ಎಂದು ಬಿಡಿಸಿ ಹೇಳುವುದು ಈ ವೃತ್ತಿಯಲ್ಲಿ ಯಾರಿಗೂ ಸುಲಭವಲ್ಲ.

ಬೇರೆಯವರ ಕಂಪನಿಗೆ ಬುದ್ಧಿ ಹೇಳಿದವರು ಸ್ವಂತ ಕಂಪನಿ ನಡೆಸಿದರೆ ಹೇಗಿರುತ್ತದೆ? ಪ್ರಹ್ಲಾದ್ ಅದನ್ನೂ ಮಾಡಿ ನೋಡಿದರು. ಕಂಪ್ಯೂಟರ್ ವಿಜ್ಞಾನಿ ರಮೇಶ್ ಜೈನ್ ಅವರ ಜೊತೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಪ್ರಜಾ ಎಂಬ ಇಂಟರ್‌ನೆಟ್ ಕಂಪನಿ ಕಟ್ಟಿದರು. ಸಾಮಾನ್ಯ ಪ್ರಜೆಗೂ ಮಾಹಿತಿ ಎಟುಕಬೇಕೆಂಬ ಆಸೆಯಿಂದ ಇಟ್ಟ ಹೆಸರು. ಅಷ್ಟರಲ್ಲಿ ಇಂಟರ್‌ನೆಟ್ ಕಂಪನಿಗಳ ಗುಳ್ಳೆ ಒಡೆಯಿತು. ಸಿಬ್ಬಂದಿಯಲ್ಲಿ ಮೂರನೇ ಒಂದು ಭಾಗವನ್ನು ಮನೆಗೆ ಕಳಿಸಬೇಕಾಯಿತು. ಕೊನೆಗೆ ಕಂಪನಿಯನ್ನು ಟಿಬ್ಕೊ ಎಂಬ ಸಂಸ್ಥೆಗೆ ಮಾರಿದರು. ಸ್ಯಾನ್ ಡಿಯಾಗೊದ ಮನೆ ಮಾತ್ರ ಉಳಿಯಿತು.

ಕಂಪನಿ ಹೋಯಿತು. ಪ್ರಜೆಯ ವಿಚಾರ ಹೋಗಲಿಲ್ಲ. ಪ್ರಹ್ಲಾದರ ಜೀವನದ ಕೊನೆಯ ಹದಿನೈದು ವರ್ಷ ಅದರದ್ದೇ ಕಥೆ, ಅತಿ ಹೆಚ್ಚು ಜಗಳ ಎಬ್ಬಿಸಿದ ಕಥೆಯೂ ಅದೇ.

ಕಂಪನಿಯವರಿಗೆ ಕಾಣದ ಬೇರನ್ನು ತೋರಿಸಿದವರು ಈಗ ಅವರಿಗೆ ಕಾಣದ ಗಿರಾಕಿಯನ್ನು ತೋರಿಸಲು ಹೊರಟರು. ಆ ಗಿರಾಕಿ ಬಡವ. ಲೋಕದ ಜನರನ್ನೆಲ್ಲ ಆದಾಯಕ್ಕೆ ತಕ್ಕಂತೆ ಒಟ್ಟಿದರೆ ಮೇಲೆ ಚೂಪು, ಕೆಳಗೆ ಅಗಲವಾದ ಪಿರಮಿಡ್ ಆಗುತ್ತದೆ. ರಾಗಿಯ ರಾಶಿಯಂತೆ ಎಂದುಕೊಳ್ಳಿ. ಆ ರಾಶಿಯ ಬುಡದಲ್ಲಿ 400 ಕೋಟಿ ಜನ ಇದ್ದಾರೆ ಎಂದು ಪ್ರಹ್ಲಾದ್ ಲೆಕ್ಕ ಹಾಕಿದರು. ಸ್ಟುವರ್ಟ್ ಹಾರ್ಟ್ ಅವರೊಡನೆ ಬರೆದ ಲೇಖನ ಹಲವು ವರ್ಷ ಪತ್ರಿಕೆಗಳ ಬಾಗಿಲು ಸುತ್ತಿ, 2002ರಲ್ಲಿ ಅಚ್ಚಾಯಿತು. 2004ರಲ್ಲಿ ಪುಸ್ತಕ ಬಂತು. ಪಿರಮಿಡ್ಡಿನ ತಳದಲ್ಲಿರುವ ಸಂಪತ್ತು ಎಂಬುದು ಅದರ ಹೆಸರಿನ ಅರ್ಥ. ಪುಸ್ತಕದ ಜೊತೆ ಒಂದು ಸಿ.ಡಿ. ಇತ್ತು. ಅದರಲ್ಲಿ ಆ ಜನರ ಮುಖ, ಮಾತು.

ಬಡವರು ಏನನ್ನೂ ಕೊಳ್ಳುವುದಿಲ್ಲ ಎಂಬ ನಂಬಿಕೆಗೆ ಪ್ರಹ್ಲಾದ್ ಕೊಟ್ಟ ಪೆಟ್ಟು ಈ ಪುಸ್ತಕದ ಅತಿ ಗಟ್ಟಿಯಾದ ಭಾಗ. ಅವರು ಮುಂಬಯಿಯ ಎರಡು ಜಾಗಗಳನ್ನು ಹೋಲಿಸಿದರು. ಒಂದು ಧಾರಾವಿಯ ಕೊಳೆಗೇರಿ. ಇನ್ನೊಂದು ಉಳ್ಳವರು ವಾಸಿಸುವ ವಾರ್ಡನ್ ರಸ್ತೆ. ಒಂದೇ ಊರು. ಆದರೆ ಧಾರಾವಿಯಲ್ಲಿ ಕುಡಿಯುವ ನೀರಿಗೆ ಸುಮಾರು 37 ಪಟ್ಟು ಬೆಲೆ. ಭೇದಿಯ ಔಷಧಿಗೆ ಹತ್ತು ಪಟ್ಟು. ಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ ಆರುನೂರರಿಂದ ಸಾವಿರ. ಬಡವರು ಕೊಳ್ಳುತ್ತಿದ್ದರು. ಶ್ರೀಮಂತರಿಗಿಂತ ದುಬಾರಿಗೆ ಕೊಳ್ಳುತ್ತಿದ್ದರು. ಬಡತನಕ್ಕೆ ತೆರುವ ದಂಡವೆಂದು ಅವರು ಇದನ್ನು ಕರೆದರು. ಮೀಟರ್ ಬಡ್ಡಿಯ ಹೊಡೆತ ತಿಂದ ನಮ್ಮ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಣದ ಗಿರಾಕಿ ಕಂಡ. ಅವನಿಗೆ ಮಾರುವ ದಾರಿ ಯಾವುದು? ಇಲ್ಲಿ ಕ್ಯಾನನ್ ಕಥೆಯನ್ನು ಮತ್ತೆ ನೆನೆಯಬೇಕು. ಸಾಮಾನ್ಯ ವ್ಯಾಪಾರಿ ತಗಲಿದ ಖರ್ಚಿನ ಮೇಲೆ ಲಾಭ ಇಟ್ಟು ಬೆಲೆ ಹೇಳುತ್ತಾನೆ. ಪ್ರಹ್ಲಾದ್ ಅದನ್ನು ತಿರುಗಿಸಿದರು. ಬಡವ ಕೊಡಬಲ್ಲ ಬೆಲೆಯನ್ನು ಮೊದಲು ಗೊತ್ತುಮಾಡಿ. ಅದರಲ್ಲಿ ಲಾಭ ಕಳೆಯಿರಿ. ಉಳಿದಷ್ಟರಲ್ಲೇ ಕೆಲಸ ಮುಗಿಸಿ, ಗುಣಮಟ್ಟ ಇಳಿಸಬೇಡಿ. ಹೀಗೆ ನಾಲ್ಕು ಕಡೆ ಕಟ್ಟೆ ಕಟ್ಟಿ, ಒಳಗೆ ಬೇಕಾದ ಹಾಗೆ ಆಡಲು ಬಿಡುವುದಕ್ಕೆ ಅವರು ಮಕ್ಕಳ ಮರಳಗುಂಡಿಯ ಹೆಸರು ಕೊಟ್ಟರು.

ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ ಅವರಿಗೆ ಅಚ್ಚುಮೆಚ್ಚು. ಡಾಕ್ಟರ್ ಜಿ. ವೆಂಕಟಸ್ವಾಮಿ ಅದನ್ನು 1976ರಲ್ಲಿ ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದರು. ಆಗ ಅವರು ಸರ್ಕಾರಿ ಸೇವೆಯಿಂದ ನಿವೃತ್ತರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಂದಲೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯನ್ನು ಮನಸ್ಸಿಗೆ ತಂದುಕೊಳ್ಳಿ. ಪಕ್ಕಪಕ್ಕದಲ್ಲಿ ಎರಡು ಮೇಜು. ಒಂದರ ಮೇಲೆ ಪೊರೆ ತೆಗೆಯುವ ಕೆಲಸ ನಡೆಯುತ್ತಿದೆ. ಇನ್ನೊಂದರ ಮೇಲೆ ಮುಂದಿನ ರೋಗಿ ಸಿದ್ಧವಾಗಿ ಮಲಗಿದ್ದಾರೆ. ವೈದ್ಯರು ಒಂದನ್ನು ಮುಗಿಸಿ ಅತ್ತ ತಿರುಗುತ್ತಾರೆ. ಉಳಿದ ಕೆಲಸವೆಲ್ಲ ತರಬೇತಿ ಪಡೆದ ಹಳ್ಳಿ ಹೆಣ್ಣುಮಕ್ಕಳದು. ವೈದ್ಯರ ಒಂದು ನಿಮಿಷವೂ ಪೋಲಾಗುವುದಿಲ್ಲ. ವಿದೇಶದಿಂದ ಬರುತ್ತಿದ್ದ ಕೃತಕ ಮಸೂರ ದುಬಾರಿಯಾದಾಗ, 1992ರಲ್ಲಿ ಅವರೇ ಕಾರ್ಖಾನೆ ತೆರೆದರು. ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ಚಿಕಿತ್ಸೆ ಉಚಿತ ಅಥವಾ ತೀರ ಅಗ್ಗ. ಆದರೂ ಆಸ್ಪತ್ರೆ ತನ್ನ ಕಾಲಮೇಲೆ ನಿಂತಿತು. ಬೆಂಗಳೂರಿನ ನಾರಾಯಣ ಹೃದಯಾಲಯವನ್ನೂ ಪ್ರಹ್ಲಾದ್ ಇದೇ ಸಾಲಿನಲ್ಲಿ ಇಟ್ಟರು. ಅದರ ಸ್ಥಾಪಕ ಡಾಕ್ಟರ್ ದೇವಿ ಶೆಟ್ಟಿಯವರ ಚಿಂತನೆಯಿಂದ ಮೂಡಿದ ಯಶಸ್ವಿನಿ ಯೋಜನೆ 2003ರಲ್ಲಿ ಜಾರಿಗೆ ಬಂದದ್ದು ಕರ್ನಾಟಕದ ಸಹಕಾರಿ ಸಂಘಗಳ ರೈತರಿಗೆ ನೆನಪಿರಬಹುದು. ಆಗ ತಿಂಗಳಿಗೆ ಬರೀ ಐದು ರೂಪಾಯಿ. ಸೇರಿದವರು ಹದಿನಾರು ಲಕ್ಷದಷ್ಟು.

ಪುಸ್ತಕದಲ್ಲಿ ಇನ್ನೂ ಹಲವು ಕಥೆಗಳಿವೆ. ಜೈಪುರ ಕಾಲು, ಮಧ್ಯಪ್ರದೇಶದ ಸೋಯಾ ರೈತರಿಗೆ ಊರಲ್ಲೇ ಕಂಪ್ಯೂಟರಿನಲ್ಲಿ ಮಂಡಿಯ ದರ ತೋರಿಸಿದ ಐಟಿಸಿಯ ಇ-ಚೌಪಾಲ್, ಹಿಂದೂಸ್ತಾನ್ ಲಿವರ್‌ನ ಅಯೋಡಿನ್ ಉಪ್ಪು, ಬ್ರೆಜಿಲ್ಲಿನ ಕಂತಿನ ಅಂಗಡಿ. ಒಂದು ರೂಪಾಯಿಯ ಶಾಂಪೂ ಪೊಟ್ಟಣವೂ ಆ ಪಟ್ಟಿಯಲ್ಲಿದೆ. ದಿನಗೂಲಿಯವರು ಸೀಸೆ ಕೊಳ್ಳಲಾರರು, ಇಂದಿನ ಕೂಲಿಯಲ್ಲಿ ಇಂದಿಗೆ ಬೇಕಾದಷ್ಟು ಕೊಳ್ಳಬಲ್ಲರು. ಮಾತು ನಿಜ. ಖಾಲಿ ಪೊಟ್ಟಣ ಎಲ್ಲಿಗೆ ಹೋಗುತ್ತದೆ ಎಂಬುದೂ ಅಷ್ಟೇ ನಿಜ. ಊರಾಚೆಯ ಚರಂಡಿ ನೋಡಿದರೆ ಸಾಕು.

ಈ ವಿಚಾರಕ್ಕೆ ಅತಿ ಕಟುವಾದ ಟೀಕೆ ಬಂದದ್ದು ಪ್ರಹ್ಲಾದರ ಪಕ್ಕದ ಕೊಠಡಿಯಿಂದಲೇ ಎನ್ನಬಹುದು. ಅನೀಲ್ ಕರ್ನಾನಿ ಮಿಷಿಗನ್ನಿನ ಅದೇ ವಿಭಾಗದ ಪ್ರಾಧ್ಯಾಪಕರು. 2007ರಲ್ಲಿ ಅವರು ಇದನ್ನು ಮರೀಚಿಕೆ ಎಂದು ಕರೆದು ಬರೆದರು. 400 ಕೋಟಿ ಎಂಬ ಅಂಕಿಯೇ ಉಬ್ಬಿದ್ದು, ಬಡವರ ಪೇಟೆ ಪ್ರಹ್ಲಾದ್ ಹೇಳಿದ್ದಕ್ಕಿಂತ ಬಹಳ ಸಣ್ಣದು ಎಂಬುದು ಮೊದಲ ಆಕ್ಷೇಪ. ಉದಾಹರಣೆಗಳಲ್ಲಿ ಬರುವ ಗಿರಾಕಿಗಳು ಹಲವೆಡೆ ನಿಜವಾಗಿ ಬಡವರೇ ಅಲ್ಲ ಎಂಬುದು ಎರಡನೆಯದು. ಮೂರನೆಯದು ಬುಡಕ್ಕೇ ಕೊಡಲಿ. ಬಡವನಿಗೆ ಹೆಚ್ಚು ಸಾಮಾನು ಮಾರಿದರೆ ಅವನ ಬಡತನ ಹೇಗೆ ನೀಗುತ್ತದೆ? ಅವನು ಬೆಳೆದದ್ದನ್ನು, ಅವನ ದುಡಿಮೆಯನ್ನು ಕೊಂಡರಲ್ಲವೇ ನೀಗುವುದು? ಬಿಳುಪಿನ ಆಸೆ ತೋರಿಸುವ ಫೇರ್ ಅಂಡ್ ಲವ್ಲಿ ಕ್ರೀಮು ಬಡ ಹೆಣ್ಣುಮಗಳಿಗೆ ಆಯ್ಕೆಯ ಸ್ವಾತಂತ್ರ್ಯ ಕೊಡುತ್ತದೆಂಬ ಮಾತನ್ನು ಕರ್ನಾನಿ ಹಿಡಿದು ಜಾಲಾಡಿದರು. ಆ ಕ್ರೀಮಿನ ಹೆಸರಿನಿಂದ ಫೇರ್ ಎಂಬ ಪದವನ್ನು ಕಂಪನಿ ತೆಗೆದದ್ದು 2020ರಲ್ಲಿ. ಪ್ರಹ್ಲಾದ್ ಆ ಕಂಪನಿಯ, ಅಂದರೆ ಆಗಲೇ ಹೇಳಿದ ಹಿಂದೂಸ್ತಾನ್ ಲಿವರ್‌ನ, ನಿರ್ದೇಶಕ ಮಂಡಳಿಯಲ್ಲಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಇತರರ ಕಣ್ಣಪಟ್ಟಿ ಬಿಚ್ಚಿದವರಿಗೂ ತಮ್ಮದೊಂದು ಪಟ್ಟಿ ಇತ್ತು.

ಕರ್ನಾನಿಯವರ ಮೂರನೆಯ ಪ್ರಶ್ನೆಗೆ ಪುಸ್ತಕದಲ್ಲಿ ತೃಪ್ತಿಕರ ಉತ್ತರ ಇರುವುದು ಒಂದೆರಡು ಕಡೆ ಮಾತ್ರ. ಇ-ಚೌಪಾಲ್ ರೈತನಿಂದ ಕೊಳ್ಳುತ್ತದೆ. ಅರವಿಂದ ಆಸ್ಪತ್ರೆ ಕಣ್ಣು ಕೊಟ್ಟು ದುಡಿಮೆಯನ್ನು ಮರಳಿಸುತ್ತದೆ. ಶಾಂಪೂ ಪೊಟ್ಟಣವನ್ನು ಆ ಪಂಕ್ತಿಯಲ್ಲಿ ಕೂರಿಸುವುದು ಕಷ್ಟ.

ವಿಚಾರ, ಸಲಹೆ, ಸ್ವಂತ ಉದ್ಯಮ, ಬಡವರ ಪೇಟೆ, ಅದರ ಟೀಕೆ ಇವಿಷ್ಟನ್ನು ಕೇಳಿದ್ದಾಯಿತು. ಉಳಿದದ್ದು ಕೊನೆಯ ವರ್ಷಗಳು. ವೆಂಕಟ್ ರಾಮಸ್ವಾಮಿಯವರೊಡನೆ 2004ರಲ್ಲಿ, ಎಂ. ಎಸ್. ಕೃಷ್ಣನ್ ಅವರೊಡನೆ 2008ರಲ್ಲಿ ಅವರು ಇನ್ನೆರಡು ಪುಸ್ತಕ ಬರೆದರು. ಸರಕಿನ ಮೌಲ್ಯವನ್ನು ಕಂಪನಿ ಒಂದೇ ಹುಟ್ಟಿಸುವುದಿಲ್ಲ, ಬಳಸುವವರ ಜೊತೆ ಸೇರಿ ಹುಟ್ಟಿಸುತ್ತದೆ ಎಂಬುದು ಅವುಗಳ ವಿಷಯ. 2007 ಮತ್ತು 2009ರಲ್ಲಿ ಥಿಂಕರ್ಸ್ ಫಿಫ್ಟಿ ಪಟ್ಟಿ ಅವರನ್ನು ಜಗತ್ತಿನ ಮ್ಯಾನೇಜ್‌ಮೆಂಟ್ ಚಿಂತಕರಲ್ಲಿ ಮೊದಲಿಗರೆಂದು ಎಣಿಸಿತು. ಭಾರತ ಸರ್ಕಾರ 2009ರಲ್ಲಿ ಪದ್ಮಭೂಷಣ ಕೊಟ್ಟಿತು.

ಸಂಕಲ್ಪದ ವಿಚಾರವನ್ನು ಅವರು ಕೊನೆಗೆ ದೇಶಕ್ಕೇ ಅನ್ವಯಿಸಿದರು. 2007ರಲ್ಲಿ ನ್ಯೂಯಾರ್ಕಿನ ಸಮಾರಂಭವೊಂದರಲ್ಲಿ, ಸ್ವಾತಂತ್ರ್ಯದ 75ನೆಯ ವರ್ಷಕ್ಕೆ ಭಾರತ ಹೇಗಿರಬೇಕೆಂದು ಹೇಳಿದರು. 20 ಕೋಟಿ ಪದವೀಧರರು. 50 ಕೋಟಿ ಕುಶಲಕರ್ಮಿಗಳು. ಜಗತ್ತಿನ ನೂರು ದೊಡ್ಡ ಕಂಪನಿಗಳಲ್ಲಿ ಮೂವತ್ತು ಭಾರತದವು. ಹತ್ತು ನೊಬೆಲ್ ಪ್ರಶಸ್ತಿಗಳು. ಭಾರತೀಯ ಕೈಗಾರಿಕಾ ಒಕ್ಕೂಟ ಇದನ್ನು ತನ್ನ ಕಾರ್ಯಕ್ರಮವಾಗಿ ಕೈಗೆತ್ತಿಕೊಂಡಿತು. 2022 ಬಂದು ಹೋಯಿತು. ಮೂವತ್ತು ಕಂಪನಿಗಳು ಆ ಪಟ್ಟಿಗೆ ಬರಲಿಲ್ಲ, ಹತ್ತು ನೊಬೆಲ್ಲೂ ಬರಲಿಲ್ಲ. ಕೊಮಾತ್ಸುವಿಗೆ ಎದುರಾಳಿ ಯಾರೆಂದು ಗೊತ್ತಿತ್ತು, ಹೊಣೆ ಯಾರದೆಂಬುದೂ ಗೊತ್ತಿತ್ತು. ನೂರು ಕೋಟಿ ಮೀರಿದ ದೇಶದಲ್ಲಿ ಹಾಗೆ ಬೆರಳಿಟ್ಟು ತೋರಿಸಲಾಗದು.

2010ರ ಏಪ್ರಿಲ್ 16ರಂದು, 68ನೆಯ ವಯಸ್ಸಿನಲ್ಲಿ, ಪ್ರಹ್ಲಾದ್ ಸ್ಯಾನ್ ಡಿಯಾಗೊದಲ್ಲಿ ತೀರಿಕೊಂಡರು. ಶ್ವಾಸಕೋಶದ ಕಾಯಿಲೆ. ಅದು ಮೊದಲೇ ಪತ್ತೆಯಾಗಿರಲಿಲ್ಲ. ವಿಜ್ಞಾನಿ ಆರ್. ಎ. ಮಾಶೇಲ್ಕರ್ ಅವರ ಜೊತೆ ಬರೆದ ಲೇಖನವೊಂದು ಆಗ ಅಚ್ಚಿಗೆ ಹೋಗಬೇಕಿತ್ತು. ಕಡಿಮೆ ಸಾಮಗ್ರಿಯಿಂದ ಹೆಚ್ಚು ಜನರಿಗೆ ಹೆಚ್ಚಿನದನ್ನು ಕೊಡುವುದು ಹೇಗೆ ಎಂಬುದು ಅದರ ವಿಷಯ. ಅದು ಹಾರ್ವರ್ಡ್ ಬಿಸಿನೆಸ್ ರಿವ್ಯೂವಿನ ಅದೇ ವರ್ಷದ ಜುಲೈ-ಆಗಸ್ಟ್ ಸಂಚಿಕೆಯಲ್ಲಿ ಪ್ರಕಟವಾಯಿತು.